ಹಾಜರಿ ಪುಸ್ತಕದ ಉಳಿದ ಹಾಳೆಗಳು

ಮೂರನೆಯ ಇಯತ್ತೆಗೆ ಹದಿನಾಲ್ಕೇ ಹೆಸರು,
ಪುಸ್ತಕದಲ್ಲಿ ಉಳಿದದ್ದೆಲ್ಲ ಖಾಲಿ ಹಾಳೆ.
ರಟ್ಟಿನ ಮೇಲೆ ಜಿಲ್ಲಾ ಪರಿಷತ್ತಿನ ಮರಾಠಿ ಮೊಹರು;
ಒಳಗೆ, ಎಂಬತ್ತೇಳರ ಜನವರಿಯಿಂದ, ಕನ್ನಡದಲ್ಲಿ
ಒಂದೇ ಒಂದು ಚುಕ್ಕಿಯ ಹಾಜರಿ ಹಾಕುತ್ತ ಬಂದೆ.

ಎಲ್ಲಿದೆ ಅಂದರೆ, ಮಹಾವ್ಯಾಧನ ಕಾಲ ಕೆಳಗೆ,
ಮೊಲದ ಮೈಯಲ್ಲಿ. ಬರಿಗಣ್ಣಿಗೆ ಇಲ್ಲವೇ ಇಲ್ಲ.
ಆರಿಂಚಿನ ಕನ್ನಡಿ ನಾನೇ ಉಜ್ಜಿದ್ದು;
ಅದು ಕೂತ ಕಾಲು, ಕಬ್ಬಿನ ಟ್ರಾಲಿಯ ಅಚ್ಚು ಕೊಯ್ದು
ಸಂಖದ ಲಾಡ್ಲೇಸಾಬ ಬೆಸೆದು ಕೊಟ್ಟದ್ದು.

ನೇರ ನೋಡಿದರೆ ಚುಕ್ಕಿ ಮಾತ್ರ.
ಕಣ್ಣು ಒಂದಿಷ್ಟು ಪಕ್ಕಕ್ಕೆ ಸರಿಸಬೇಕು,
ಸಾಲ ಕೊಟ್ಟವನನ್ನು ಸಂತೆಯಲ್ಲಿ ಕಂಡವರ ಹಾಗೆ.
ಆಗ ಸುತ್ತ ಹಬೆ ಏಳುತ್ತದೆ,
ಮಣೂಕದ ಶೆಡ್ಡಿನ ಬಲೆಯೊಳಗಿನ ಹಸಿರು.

ಸೂರ್ಯನಂಥ ಒಬ್ಬ ಮುದಿಯಾಗಿ, ಮೈಯುಬ್ಬಿ,
ಹೊರಗಿನ ಸಿಪ್ಪೆಯನ್ನೆಲ್ಲ ಕಳಚಿ ಚೆಲ್ಲಿದ್ದಾನೆ.
ಚೆಲ್ಲಿದ್ದು ಬಹುಕಾಲ ಕತ್ತಲಲ್ಲೇ ಬಿದ್ದಿತ್ತು.
ಒಳಗಿನ ತಿರುಳು ಬಿಸಿ ಏರುತ್ತ ಏರುತ್ತ
ಬಿಟ್ಟದ್ದಕ್ಕೇ ಬೆಳಕು ಹತ್ತಿತು.

ಇದು ಎಳೆಯದು, ಆಕಾಶದ ಲೆಕ್ಕಕ್ಕೆ
ಹೊಕ್ಕುಳು ಇನ್ನೂ ಆರದ್ದು.
ನನ್ನ ಆಯುಷ್ಯದೊಳಗೇ ಬದಲಾದೀತೆಂಬ ಆಸೆಗೆ
ಪ್ರತಿ ಸೀತನಿಯ ಕಾಲದಲ್ಲಿ, ಹೊಲದ ಕೆಂಡ ಆರಿದ ಮೇಲೆ,
ಅಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಇಟ್ಟು ತೂಗಿದೆ.
ತೊಂಬತ್ತೊಂದು: ಎಡದ್ದಕ್ಕಿಂತ ಕೂದಲೆಳೆ ಹೆಚ್ಚು.
ತೊಂಬತ್ತೆಂಟು: ಸಮ.
ಎರಡು ಸಾವಿರದ ಆರು: ಮೋಡ. ಮೋಡ. ಪಾರವ್ವನಿಗೆ ಜ್ವರ. ಮೋಡ.
ಹದಿಮೂರು: ಕಡಿಮೆ. ಕಡಿಮೆಯೇ?

ಆ ಪ್ರಶ್ನೆಚಿಹ್ನೆಯ ಮುಂದೆ ಐದು ವರ್ಷ ಖಾಲಿ.
ಕಣ್ಣಿಗೆ ಪೊರೆ ಬಂದಿತ್ತು, ಹಳದಿ ಪೊರೆ,
ಅದು ನೀಲಿಯನ್ನೇ ಮೊದಲು ತಿನ್ನುವುದು.
ನೀಲಿಗೆ ತಿರುಗುತ್ತಿರುವ ಚುಕ್ಕಿಯನ್ನು
ಹಳದಿಗೆ ತಿರುಗುತ್ತಿರುವ ಕಣ್ಣು ಹೇಗೆ ತೂಗಬೇಕು?
ಮಂಕಾದದ್ದು ಅದೋ ನಾನೋ, ಯಾರನ್ನು ಕೇಳಲಿ?

ಮಿರಜಿನಲ್ಲಿ ಪೊರೆ ತೆಗೆಸಿ ಬಂದ ಮೂರನೆಯ ವಾರ
ಮಾಳಿಗೆ ಹತ್ತಿದೆ.
ದೂರದ ಗಾಳಿಕಂಬಗಳ ಕೆಂಪು ದೀಪಗಳು
ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತಿದ್ದವು.
ಮೊಲದ ಕಿವಿ, ಬೆನ್ನು, ಎಡದ ಚುಕ್ಕಿ, ಬಲದ ಚುಕ್ಕಿ
ತಿಕ್ಕಿ ತೊಳೆದಿಟ್ಟ ತಂಬಿಗೆಗಳ ಹಾಗೆ ಮರಳಿ ಬಂದಿದ್ದವು.
ಅದೊಂದು ಮಂಕು. ಅದೊಂದೇ.
ನಡುರಾತ್ರಿ ಒಬ್ಬನೇ ನಕ್ಕೆ; ಪಕ್ಕದ ಮನೆಯ ನಾಯಿ ಬೊಗಳಿತು.

"ಬಿಸಿ ಏರಿದರ ಬೆಳಕ ಹೆಚ್ಚಾಗಬೇಕಲ್ಲೊ ಸಾಬ?"
ಲಾಡ್ಲೇಸಾಬ ಮಾತಾಡಲಿಲ್ಲ. ಟಾರ್ಚು ಹಚ್ಚಿದ.
ಮೊದಲು ಬರಿ ಗ್ಯಾಸು: ಮೊಳದುದ್ದ ಹಳದಿ ನಾಲಿಗೆ,
ಅಂಗಡಿ ತುಂಬ ಬೆಳಕು, ಜಂತಿಗೆಲ್ಲ ಮಸಿ.
ಆಮೇಲೆ ಆಕ್ಸಿಜನ್ನಿನ ತಿರುಪು, ಮೆಲ್ಲಗೆ.
ಉರಿ ಕುಗ್ಗಿತು, ಕುಗ್ಗಿ ಜೋಳದ ಕಾಳಿನಷ್ಟು ನೀಲಿಯಾಯಿತು,
ಗೋಡೆಗಳು ಕತ್ತಲಿಗೆ ಸರಿದವು.
"ಈಗ ಕಬ್ಬಿಣ ನೀರ ಆಗತದ ನೋಡ್ರಿ ಮಾಸ್ತರ.
ಮೊದಲಿಂದು ಬರೇ ತೋರಿಕಿ."
ಹೇಳುವಾಗ ನನ್ನ ಮುಖದ ಪಕ್ಕಕ್ಕೆ ನೋಡುತ್ತಿದ್ದ;
ನಲವತ್ತು ವರ್ಷದ ಕಿಡಿಗೆ ಅವನ ಕಣ್ಣ ನಡುವಿನ ಬಿಂದು ಸುಟ್ಟಿದೆ.

ಅದರ ಬೆಳಕೀಗ ನೇರಳೆಯ ಆಚೆ ದಾಟಿದೆ,
ನಮ್ಮ ಕಣ್ಣಿಗೆ ಓದಲು ಬಾರದ ಲಿಪಿಯಲ್ಲಿ.
ಸುತ್ತಲಿನ ಆ ಹಬೆಯೇ ಅದನ್ನು ಕೇಳಿಸಿಕೊಂಡು
ಹಸಿರಿನಲ್ಲಿ ತಿರುಗಿಸಿ ಹೇಳುತ್ತದೆ,
ಸಾಂಗಲಿಯಿಂದ ಬಂದ ಮರಾಠಿ ಸುತ್ತೋಲೆಯನ್ನು
ನಾನು ಮಕ್ಕಳ ತಾಯಂದಿರಿಗೆ ಓದಿ ಹೇಳುತ್ತಿದ್ದ ಹಾಗೆ.
ಸುತ್ತೋಲೆ ಬರುವುದೇ ತಡ. ಇದಂತೂ
ಹೊರಟಾಗ ಈ ಊರಲ್ಲಿ ಯಾವ ನುಡಿಯಿತ್ತೋ,
ಊರೇ ಇತ್ತೋ ಇಲ್ಲವೋ.

ಈ ವರ್ಷ ಮೂರನೆಯ ಇಯತ್ತೆಗೆ ಒಂಬತ್ತಂತೆ.
ನನ್ನ ಬಳಿ ಇನ್ನು ಎರಡೂವರೆ ಹಾಳೆ.
ನಿನ್ನೆ ರಾತ್ರಿಯದನ್ನು ಬರೆದೆ: ಕಡಿಮೆ. ಹಬೆ ಮೊದಲಿಗಿಂತ ಢಾಳ.
ಹಿಂದಕ್ಕೆ ತಿರುವಿ, ಹದಿಮೂರರ ಪ್ರಶ್ನೆಚಿಹ್ನೆಯನ್ನು
ಬ್ಲೇಡಿನಿಂದ ಕೆರೆದೆ.
ಹಾಳೆ ತೂತಾಯಿತು. ಇರಲಿ.